ಅಂಡಾಶಯ ತೆಗೆಸುವ ಮುನ್ನ

ಆಂಜೆಲಿನಾ ಜೋಲಿಯ ರಕ್ತಪರೀಕ್ಷೆಯಲ್ಲಿ, ಅಂಡಾಶಯದ ಕ್ಯಾನ್ಸರಿನ ಸುಳಿವು ಕೊಡಬಲ್ಲ ಸಿಎ-125 ಎಂಬ ಅಂಶದ ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ಉರಿಯೂತ ಸೂಚಿಸುವ ಬೇರೆ ಕೆಲವು ಅಂಶಗಳು ಏರಿದ್ದವು. ಇದು ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು ಎಂದು ವೈದ್ಯರು ಫೋನಿನಲ್ಲಿ ಹೇಳಿದಾಗ ಆ ಹಾಲಿವುಡ್ ನಟಿಗೆ 39 ವರ್ಷ. ಅಂದೇ ಅವರು ಹೋಗಿ ಕಂಡದ್ದು ತನ್ನ ತಾಯಿಗೆ ಚಿಕಿತ್ಸೆ ಕೊಟ್ಟಿದ್ದ ಶಸ್ತ್ರವೈದ್ಯೆಯನ್ನೇ. ಸ್ಕ್ಯಾನ್ ಮಾಡಿಸಿದರು, ಗಡ್ಡೆ ಇದೆಯೇ ಎಂಬ ಪರೀಕ್ಷೆಯೂ ಆಯಿತು. ಯಾವುದರಲ್ಲೂ ಏನೂ ಸಿಗಲಿಲ್ಲ. ಹಾಗಿದ್ದೂ ಅವರು ಎರಡೂ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡರು. 2015ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಬರೆದುಕೊಂಡರು.

ಕ್ಯಾನ್ಸರ್ ಇಲ್ಲದ ಅಂಗವನ್ನು ತೆಗೆಸಿದ್ದೇಕೆ? ಉತ್ತರ ಅವರ ಮನೆತನದಲ್ಲಿತ್ತು. ತಾಯಿ 56ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅಜ್ಜಿಯನ್ನು, ಚಿಕ್ಕಮ್ಮನನ್ನು ಬಲಿ ತೆಗೆದುಕೊಂಡದ್ದೂ ಕ್ಯಾನ್ಸರೇ. ಜೋಲಿಗೆ ಬಿಆರ್‌ಸಿಎ-1 ಎಂಬ ಜೀನ್‌ನಲ್ಲಿ ದೋಷವಿತ್ತು. ಅವರಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 50 ಎಂದು ವೈದ್ಯರು ಅಂದಾಜಿಸಿದ್ದರು.

ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಲ್ಲರಲ್ಲೂ ಇರುವ ಜೀನ್‌ಗಳು. ಜೀವಕೋಶದ ಡಿಎನ್ಎ ತುಂಡಾದಾಗ ಅದನ್ನು ಸರಿಪಡಿಸಲು ನೆರವಾಗುವುದು ಅವುಗಳ ಕೆಲಸ. ಅವೇ ಕೆಟ್ಟರೆ ರಿಪೇರಿ ತಪ್ಪುತ್ತದೆ, ತಪ್ಪುಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ಸಾಮಾನ್ಯ ಮಹಿಳೆಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. 2017ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ, 80 ವರ್ಷ ತುಂಬುವಷ್ಟರಲ್ಲಿ ಬಿಆರ್‌ಸಿಎ-1 ದೋಷವಿರುವವರಲ್ಲಿ ಅದು ಶೇ. 44ಕ್ಕೂ, ಬಿಆರ್‌ಸಿಎ-2 ದೋಷವಿರುವವರಲ್ಲಿ ಶೇ. 17ಕ್ಕೂ ಏರುತ್ತದೆ. ಈ ದೋಷ ಅಪ್ಪನ ಕಡೆಯಿಂದಲೂ ಬರಬಹುದು. ನಮ್ಮಲ್ಲಿ ವಿಚಾರಿಸುವುದು ಹೆಚ್ಚಾಗಿ ತಾಯಿ, ಚಿಕ್ಕಮ್ಮಂದಿರ ಕಾಯಿಲೆಯನ್ನಷ್ಟೇ. ಸೋದರತ್ತೆಗೆ ನಲವತ್ತರ ಒಳಗೆ ಸ್ತನ ಕ್ಯಾನ್ಸರ್ ಆಗಿತ್ತೆಂಬ ಸಂಗತಿಯೂ ಅಷ್ಟೇ ತೂಕದ್ದು.

ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತ ಕಾದು ನೋಡಬಾರದೇ? ಸ್ತನದ ವಿಷಯದಲ್ಲಿ ಹಾಗೆ ಮಾಡಬಹುದು, ಅಂಡಾಶಯದ ವಿಷಯದಲ್ಲಿ ಆ ಭರವಸೆ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಸಿಎ-125 ಅಥವಾ ಸ್ಕ್ಯಾನಿಂಗ್ ಮೂಲಕ ವರ್ಷಗಟ್ಟಲೆ ಪರೀಕ್ಷಿಸಿದ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಹೊರಬಂತು. ತಪಾಸಣೆಯಿಂದ ಸಾವುಗಳು ಕಡಿಮೆಯಾಗಿರಲಿಲ್ಲ. ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆದು ಹರಡಿದ ಮೇಲೆಯೇ ತಿಳಿಯುವ ಕಾಯಿಲೆ ಇದು. ಆದ್ದರಿಂದಲೇ ಬಿಆರ್‌ಸಿಎ-1 ದೋಷವಿರುವವರು ಮಕ್ಕಳಾದ ಮೇಲೆ 35ರಿಂದ 40ರೊಳಗೆ, ಬಿಆರ್‌ಸಿಎ-2 ದೋಷವಿರುವವರು 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸಿಕೊಳ್ಳುವುದು ಒಳ್ಳೆಯದೆಂದು ತಜ್ಞರು ಸಲಹೆ ಕೊಡುತ್ತಾರೆ. ಇದರಿಂದ ಆ ಕ್ಯಾನ್ಸರಿನ ಅಪಾಯ ಸುಮಾರು ಶೇ. 80ರಷ್ಟು ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ, ಹೊಟ್ಟೆಯ ಒಳಪದರದಲ್ಲಿ ಅದೇ ಬಗೆಯ ಕ್ಯಾನ್ಸರ್ ಹುಟ್ಟುವ ಸಣ್ಣ ಸಾಧ್ಯತೆ ಉಳಿದೇ ಇರುತ್ತದೆ.

ಇಷ್ಟು ಓದಿದವರಿಗೆ, ತೆಗೆಸಿಬಿಟ್ಟರೆ ನಿಶ್ಚಿಂತೆ ಎನಿಸಬಹುದು. ಆದರೆ ಅಂಡಾಶಯದ ಕೆಲಸ ಮಕ್ಕಳಾದ ಮೇಲೆ ಮುಗಿಯುವುದಿಲ್ಲ. ಬಾದಾಮಿ ಗಾತ್ರದ ಈ ಎರಡು ಗ್ರಂಥಿಗಳು ಸ್ರವಿಸುವ ಈಸ್ಟ್ರೋಜನ್ ಮೂಳೆಯನ್ನು ಗಟ್ಟಿಯಾಗಿಡುತ್ತದೆ, ರಕ್ತನಾಳಗಳನ್ನು ಕಾಪಾಡುತ್ತದೆ, ಮಿದುಳಿಗೂ ಬೇಕಾಗುತ್ತದೆ. ಮುಟ್ಟು ನಿಂತ ಮೇಲೂ ಅಂಡಾಶಯ ಸ್ವಲ್ಪ ಸ್ವಲ್ಪ ಹಾರ್ಮೋನ್ ಕೊಡುತ್ತಲೇ ಇರುತ್ತದೆ. ಭಾರತದ ಹೆಂಗಸರಲ್ಲಿ ಮುಟ್ಟು ಸಹಜವಾಗಿ ನಿಲ್ಲುವುದು ಸರಾಸರಿ 46-47ರ ಸುಮಾರಿಗೆ, ಅದೂ ಕೆಲವು ವರ್ಷಗಳಲ್ಲಿ ನಿಧಾನವಾಗಿ. ಆಪರೇಷನ್ನಿನಲ್ಲಿ ಎರಡೂ ಅಂಡಾಶಯ ತೆಗೆದರೆ ಒಂದೇ ಮಧ್ಯಾಹ್ನದಲ್ಲಿ ಆ ಹಂತ ಬಂದುಬಿಡುತ್ತದೆ. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರಿ ಸೀರೆ ಒದ್ದೆಯಾಗುವುದು, ನಿದ್ದೆಗೆಡುವುದು, ಯೋನಿ ಒಣಗಿ ಗಂಡನ ಜೊತೆ ಕೂಡುವುದೇ ನೋವಾಗುವುದು, ಸಣ್ಣ ಮಾತಿಗೂ ಅಳು ಬರುವುದು. ಇವು ಮೊದಲ ತಿಂಗಳುಗಳ ಅನುಭವ. ಮೂಳೆ ಸವೆತ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದು ವರ್ಷಗಳ ನಂತರ, ಆ ಹೊತ್ತಿಗೆ ಹಳೆಯ ಆಪರೇಷನ್ನಿಗೂ ಇದಕ್ಕೂ ಇರುವ ನಂಟು ಯಾರಿಗೂ ನೆನಪಿರುವುದಿಲ್ಲ.

ಅಮೆರಿಕದಲ್ಲಿ ಈ ನಂಟನ್ನು ಲೆಕ್ಕವಿಟ್ಟು ನೋಡಿದ್ದಾರೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ 29,380 ನರ್ಸ್‌ಗಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದ ವರದಿ 2009ರಲ್ಲಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಡಾಶಯಗಳನ್ನೂ ಜೊತೆಗೇ ತೆಗೆಯಲಾಗಿತ್ತು. ಇವರಿಗೆ ಅಂಡಾಶಯದ ಕ್ಯಾನ್ಸರ್ ಕಡಿಮೆ ಬಂದಿತ್ತು, ನಿಜ. ಆದರೆ ಹೃದ್ರೋಗವೂ ಒಟ್ಟು ಸಾವುಗಳೂ ಹೆಚ್ಚಿದ್ದವು. ಯಾವ ವಯಸ್ಸಿನಲ್ಲಿ ತೆಗೆಸಿದವರಿಗೂ ಅದರಿಂದ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಮೇಯೊ ಕ್ಲಿನಿಕ್‌ನ ವೈದ್ಯರು 2006ರಲ್ಲೇ ಇನ್ನೊಂದು ಸಂಗತಿ ತೋರಿಸಿದ್ದರು: 45ಕ್ಕೆ ಮುಂಚೆ ಎರಡೂ ಅಂಡಾಶಯ ಕಳೆದುಕೊಂಡು, ಈಸ್ಟ್ರೋಜನ್ ಚಿಕಿತ್ಸೆಯನ್ನೂ ಪಡೆಯದವರಲ್ಲಿ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಿತ್ತು.

ಅಂದರೆ ಒಂದೇ ಆಪರೇಷನ್, ಜೀನ್‌ದೋಷವಿರುವ ಒಬ್ಬಳ ಜೀವ ಉಳಿಸುತ್ತದೆ, ದೋಷವೇ ಇಲ್ಲದ ಇನ್ನೊಬ್ಬಳ ಆರೋಗ್ಯವನ್ನು ದಶಕಗಳ ಕಾಲ ಕೆಡಿಸುತ್ತದೆ. ಯಾರಿಗೆ, ಯಾವ ಕಾರಣಕ್ಕೆ, ಯಾವ ವಯಸ್ಸಿನಲ್ಲಿ ಎಂಬುದೇ ಇಲ್ಲಿ ಮುಖ್ಯ. ಹೆಂಗಸಿನ ಎಲ್ಲ ಸಂಕಟಕ್ಕೂ ಅಂಡಾಶಯವೇ ಮೂಲವೆಂದು ಬಗೆದ ಕಾಲವೂ ಇತ್ತು. 1872ರಲ್ಲಿ ಅಮೆರಿಕದ ಜಾರ್ಜಿಯಾದ ರಾಬರ್ಟ್ ಬ್ಯಾಟಿ ಎಂಬ ವೈದ್ಯ ರೋಗವಿಲ್ಲದ ಅಂಡಾಶಯಗಳನ್ನು ತೆಗೆಯಲು ಆರಂಭಿಸಿದ. ಮುಟ್ಟಿನ ನೋವಿನಿಂದ ಹಿಡಿದು ‘ಹಿಸ್ಟೀರಿಯಾ’ದವರೆಗೆ ಎಲ್ಲಕ್ಕೂ ಅದೇ ಮದ್ದೆಂದು ಹಲವು ದೇಶಗಳಲ್ಲಿ ಆ ಆಪರೇಷನ್ ಹಬ್ಬಿತ್ತು.

ನಮ್ಮಲ್ಲಿ ಆ ಕಾಲ ಪೂರ್ತಿ ಮುಗಿದಿದೆ ಎನ್ನಲು ಮನಸ್ಸು ಒಪ್ಪುವುದಿಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳಿಂದ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಒಂದರ ಮೇಲೊಂದು ಹೊರಬಂದವು. ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳೇ ಅವರಲ್ಲಿ ಹೆಚ್ಚು. ಹಲವರಿಗೆ ಇನ್ನೂ ನಲವತ್ತು ಆಗಿರಲಿಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದವರನ್ನು ಕ್ಯಾನ್ಸರಿನ ಹೆಸರು ಹೇಳಿ ಹೆದರಿಸಲಾಗಿತ್ತು. ಆ ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ನಡೆದ ಇಂಥದ್ದೇ ಪ್ರಕರಣಗಳನ್ನು ಡಾ. ನರೇಂದ್ರ ಗುಪ್ತಾ ಎಂಬ ವೈದ್ಯರು ಸುಪ್ರೀಂ ಕೋರ್ಟಿಗೆ ಒಯ್ದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಗರ್ಭಕೋಶ ತೆಗೆಯುವಾಗ ‘ಹೇಗೂ ಹೊಟ್ಟೆ ಕೊಯ್ದಿದ್ದೇವೆ’ ಎಂದು ಅಂಡಾಶಯವನ್ನೂ ತೆಗೆದುಬಿಡುವ ರೂಢಿ ಇದೆ. ಎಷ್ಟೋ ಹೆಂಗಸರಿಗೆ ಅದು ಗೊತ್ತೇ ಇರುವುದಿಲ್ಲ, ‘ಗರ್ಭಚೀಲದ ಆಪರೇಷನ್ ಆಗಿದೆ’ ಎಂದಷ್ಟೇ ಹೇಳುತ್ತಾರೆ. ಬೀರುವಿನಲ್ಲಿ ಮಡಿಚಿಟ್ಟ ಡಿಸ್ಚಾರ್ಜ್ ಸಮರಿಯಲ್ಲಿ ‘ಟಿಎಎಚ್’ (ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದದ್ದು) ಪಕ್ಕದಲ್ಲಿ ‘ಬಿಎಸ್ಒ’ ಎಂಬ ಮೂರಕ್ಷರ ಇದ್ದರೆ, ಎರಡೂ ಅಂಡಾಶಯ, ಎರಡೂ ನಾಳ ಹೋಗಿವೆ ಎಂದರ್ಥ. ಸಹಿ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆ: ಅಂಡಾಶಯ ಉಳಿಸುತ್ತೀರಾ? ಇಲ್ಲವಾದರೆ ಏಕೆ? ಸಾಮಾನ್ಯ ಗಡ್ಡೆಗೆ, ನೀರುಗುಳ್ಳೆಗೆ ಬಹಳಷ್ಟು ಸಲ ಗುಳ್ಳೆಯನ್ನಷ್ಟೇ ತೆಗೆದರೆ ಸಾಕು. ತೀವ್ರ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಇದ್ದು ಉಳಿದ ಚಿಕಿತ್ಸೆಗಳೆಲ್ಲ ಸೋತಿದ್ದರೆ ಮಾತು ಬೇರೆ. ಆಗಲೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಷ್ಟು ಸಮಯ ಇರುತ್ತದೆ.

ಜೀನ್‌ದೋಷ ಖಚಿತವಾದವರ ಮುಂದಿರುವ ನಿರ್ಧಾರ ಇದಕ್ಕಿಂತ ಕಠಿಣ. ಮದುವೆಯಾಗದ 28ರ ಹುಡುಗಿಗೂ ಎರಡು ಮಕ್ಕಳ 38ರ ತಾಯಿಗೂ ಒಂದೇ ಉತ್ತರ ಹೊಂದುವುದಿಲ್ಲ. ಮಕ್ಕಳು ಬೇಕೆನ್ನುವವರು ಮೊದಲೇ ಅಂಡಾಣುಗಳನ್ನು ಶೀತಲೀಕರಿಸಿ ಇಡಬಹುದು. ಗರ್ಭಕೋಶ ಉಳಿದಿದ್ದರೆ ಮುಂದೆ ಐವಿಎಫ್ ಮೂಲಕ ಬಸಿರಾಗಲು ಸಾಧ್ಯ. ಜೋಲಿ ಕೂಡ ಗರ್ಭಕೋಶ ಉಳಿಸಿಕೊಂಡರು, ಈಸ್ಟ್ರೋಜನ್ ಪಟ್ಟಿ ಹಚ್ಚಿಕೊಂಡರು. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರಕ್ಕೆ ಅಪಾಯವಾದ್ದರಿಂದ ಪ್ರೊಜೆಸ್ಟಿರಾನ್ ಬಿಡುವ ಸಾಧನವನ್ನೂ ಒಳಗೆ ಇಡಿಸಿಕೊಂಡರು. ಸ್ತನ ಕ್ಯಾನ್ಸರ್ ಆಗಿಲ್ಲದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಇಂಥ ಚಿಕಿತ್ಸೆ ಕೊಡಬಹುದೆಂಬುದು ತಜ್ಞರ ನಿಲುವು. ಈಗಾಗಲೇ ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಹೊಸದೊಂದು ದಾರಿಯೂ ತೆರೆಯುತ್ತಿದೆ. ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಮಾರಕ ಬಗೆಯ ಹುಟ್ಟು ಬಹಳಷ್ಟು ಸಲ ಅಂಡನಾಳದ ತುದಿಯಲ್ಲಿ, ಬೆರಳಿನಂತೆ ಕವಲೊಡೆದ ಅಂಚಿನಲ್ಲಿ. ತೆಗೆದ ನಾಳವನ್ನು ಪ್ರಯೋಗಾಲಯದಲ್ಲಿ ಎರಡು-ಮೂರು ಮಿಲಿಮೀಟರಿನ ಚೂರುಗಳಾಗಿ ಕೊಯ್ದು, ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ನೋಡುವಾಗ ಪೆಥಾಲಜಿಸ್ಟ್‌ಗಳು ಇದನ್ನು ಕಂಡುಕೊಂಡರು. ಹಾಗಾದರೆ ಈಗ ನಾಳಗಳನ್ನಷ್ಟೇ ತೆಗೆದು, ಅಂಡಾಶಯವನ್ನು ಕೆಲವು ವರ್ಷ ತಡವಾಗಿ ತೆಗೆದರೆ? ನೆದರ್‌ಲೆಂಡ್ಸಿನ ‘ಟ್ಯೂಬಾ’ ಅಧ್ಯಯನ ಇದನ್ನೇ ಪರೀಕ್ಷಿಸುತ್ತಿದೆ. ನಾಳ ಮಾತ್ರ ತೆಗೆಸಿದವರಿಗೆ ಮುಟ್ಟು ನಿಂತ ಮೇಲಿನ ತೊಂದರೆಗಳು ಕಡಿಮೆ ಎಂಬುದು ಅದರಲ್ಲಿ ಗೊತ್ತಾಗಿದೆ. ಕ್ಯಾನ್ಸರ್ ತಡೆಯುವುದರಲ್ಲೂ ಇದು ಅಷ್ಟೇ ಗಟ್ಟಿಯೇ ಎಂದು ತಿಳಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಇದನ್ನೇ ಪೂರ್ತಿ ರಕ್ಷಣೆಯೆಂದು ನಂಬುವಂತಿಲ್ಲ.

ಮೂವತ್ತು-ನಲವತ್ತರ ಒಳಗೇ ಅಂಡಾಶಯ ಕಳೆದುಕೊಂಡವರು ನಮ್ಮ ಸುತ್ತಮುತ್ತ ಇದ್ದಾರೆ, ಅವರಿಗೆ ಮಾಡಬಹುದಾದದ್ದು ಬಹಳ ಇದೆ. ಬೇರೆ ಅಡ್ಡಿ ಇಲ್ಲದಿದ್ದರೆ ಐವತ್ತರ ಸುಮಾರಿನವರೆಗೆ ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳಬಹುದು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬಹುದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಓರಗೆಯವರಿಗಿಂತ ಮೊದಲೇ ನೋಡಿಸಿಕೊಳ್ಳಬೇಕು. ಯೋನಿಯ ಶುಷ್ಕತೆಗೆ ಮುಲಾಮು ಇದೆ, ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ನೋವು ನುಂಗಬೇಕಿಲ್ಲ. ವೈದ್ಯರ ಬಳಿ ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮರಿ, ಬಯಾಪ್ಸಿ ರಿಪೋರ್ಟ್ ಇದ್ದರೆ ಒಯ್ಯಬೇಕು, ಆಪರೇಷನ್ ಯಾವ ವಯಸ್ಸಿನಲ್ಲಾಯಿತು ಎಂಬುದನ್ನು ಅವರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.