ಮೇಲಕ್ಕೆ ಬಿದ್ದ ಗುಂಡು

ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದ ಬೀರುವಿನಲ್ಲಿ 1999ರಲ್ಲಿ ಚಿತ್ರಿಸಿದ ಒಂದು ಕ್ಯಾಮ್‌ಕಾರ್ಡರ್ ಟೇಪು ಬಹುಕಾಲದಿಂದ ಇದ್ದಿತು. ನಮಗೆ ಪಾಠ ಹೇಳಿದ ಹಿರಿಯ ಅಧ್ಯಾಪಕರೊಬ್ಬರು ಪ್ರಯೋಗಶಾಲೆಯಲ್ಲಿ ನಿಂತು, ಉದ್ದನೆಯ ಅಳತೆಪಟ್ಟಿಯ ಮುಂದೆ ಉಕ್ಕಿನ ಗುಂಡನ್ನು ಬೀಳಬಿಟ್ಟು, ಪತನದ ನಿಯಮವನ್ನು ವಿವರಿಸುವ ದೃಶ್ಯ ಅದರಲ್ಲಿತ್ತು. ಅವರು ಈಗಿಲ್ಲ. ಅವರ ಧ್ವನಿಯೂ ಕೈಚಳಕವೂ ಉಳಿದಿರುವುದು ಆ ಟೇಪಿನಲ್ಲಿ ಮಾತ್ರ. ಆದುದರಿಂದ ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಕಂಪ್ಯೂಟರಿನ ಕಡತವಾಗಿ ಮಾಡಿಸಿ ತಂದು, ಗುಂಡಿನ ಸ್ಥಾನಗಳನ್ನು ಗುರುತಿಸಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದೆವು.

ಮರುದಿನ ವಿದ್ಯಾರ್ಥಿನಿಯೊಬ್ಬಳು ತನ್ನ ಪಟ್ಟಿಯನ್ನು ಹಿಡಿದು ಬಂದಳು. “ಸರ್, ಗುಂಡು ಒಂದು ಹೆಜ್ಜೆ ಕೆಳಗೆ ಬಂದರೆ ಮುಂದಿನ ಚಿತ್ರದಲ್ಲಿ ಮೇಲಕ್ಕೆ ಹೋಗುತ್ತದೆ. ನಾನು ಮೂರು ಸಲ ನೋಡಿದೆ” ಎಂದಳು. ನಾವೂ ನೋಡಿದೆವು. ಅವಳ ಮಾತು ನಿಜವಾಗಿತ್ತು. ಗುಂಡು ನಡುಗುತ್ತ, ಹಿಂದುಮುಂದಾಗಿ ಇಳಿಯುತ್ತಿತ್ತು. ಗೆಲಿಲಿಯೋ ತಪ್ಪಿದನೇ? ನಮ್ಮ ಗುರುಗಳು ತಪ್ಪಿದರೇ? ಇಬ್ಬರೂ ಅಲ್ಲ. ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಟೆಲಿವಿಷನ್ನಿನ ಚಿತ್ರವು ಹೇಗೆ ರಚಿತವಾಗುತ್ತದೆಂಬುದನ್ನು ಮೊದಲು ನೋಡಬೇಕು.

ಭಾರತದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯಲ್ಲಿ ಒಂದು ಪೂರ್ಣಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಚಿತ್ರವನ್ನು ಹೊರುವಂಥವು 576. ಸೆಕೆಂಡಿಗೆ 25 ಪೂರ್ಣಚಿತ್ರಗಳು. ಚಲನೆಯನ್ನು ಕಾಣಿಸಲು ಇಷ್ಟು ಸಾಕಾದರೂ, ಪರದೆಯು ಸೆಕೆಂಡಿಗೆ 25 ಸಲ ಮಾತ್ರ ಬೆಳಗಿದರೆ ಕಣ್ಣಿಗೆ ಮಿಣುಕು ತಟ್ಟುತ್ತದೆ. 50 ಪೂರ್ಣಚಿತ್ರಗಳನ್ನು ಕಳುಹಿಸೋಣವೆಂದರೆ ಪ್ರಸಾರಕ್ಕೆ ಬೇಕಾಗುವ ಆವರ್ತಾಂಕಗಳ ಹರವು ಇಮ್ಮಡಿಯಾಗುತ್ತದೆ. ಎಂಜಿನಿಯರುಗಳು ಇದಕ್ಕೊಂದು ಜಾಣ ಉಪಾಯವನ್ನು ಹೂಡಿದರು. ಮೊದಲು 1, 3, 5 ಎಂಬ ಬೆಸಗೆರೆಗಳನ್ನು ಮಾತ್ರ ಬರೆಯುವುದು. ಅನಂತರ ಅವುಗಳ ನಡುವಣ ತೆರಪಿನಲ್ಲಿ 2, 4, 6 ಎಂಬ ಸರಿಗೆರೆಗಳನ್ನು ಬರೆಯುವುದು. ಹೀಗೆ ಪ್ರತಿ ಸೆಕೆಂಡಿನ 1/50 ಭಾಗಕ್ಕೊಮ್ಮೆ ಪರದೆಯೆಲ್ಲ ಬೆಳಗುತ್ತದೆ. ಆದರೆ ಕಳುಹಿಸಿದ ಗೆರೆಗಳ ಸಂಖ್ಯೆ ಹೆಚ್ಚುವುದಿಲ್ಲ. ಈ ಗೆರೆಗಳ ಗುಂಪಿಗೆ ‘ಫೀಲ್ಡ್’ ಎಂದು ಹೆಸರು. ನಾವಿಲ್ಲಿ ಅದನ್ನು ಅರೆಚಿತ್ರವೆಂದು ಕರೆಯೋಣ. ಬೆಸಗೆರೆಗಳದು ಮೇಲಿನ ಅರೆಚಿತ್ರ, ಸರಿಗೆರೆಗಳದು ಕೆಳಗಿನ ಅರೆಚಿತ್ರ. ಅಮೆರಿಕ ಮತ್ತು ಜಪಾನುಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಗೆರೆಗಳು 525. ಅರೆಚಿತ್ರಗಳು ಸೆಕೆಂಡಿಗೆ ಸುಮಾರು 60. ಅಮೆರಿಕದಲ್ಲಿ ನೆಲಸಿದ ಬಂಧುಗಳು ಅಂದು ಕಳುಹಿಸಿದ ಟೇಪುಗಳು ಈ ಬಗೆಯವಾಗಿರಬಹುದು.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಮನಗಾಣಬೇಕು. ಎರಡು ಅರೆಚಿತ್ರಗಳು ಒಂದೇ ಕ್ಷಣದ ಚಿತ್ರದ ಎರಡು ಹೋಳುಗಳಲ್ಲ. ಕ್ಯಾಮ್‌ಕಾರ್ಡರು ಒಂದನ್ನು ಹಿಡಿದು, 1/50 ಸೆಕೆಂಡು ಕಳೆದ ಮೇಲೆ ಇನ್ನೊಂದನ್ನು ಹಿಡಿಯುತ್ತದೆ. ಅವು ಬೇರೆ ಬೇರೆ ಕ್ಷಣಗಳಿಗೆ ಸೇರಿದವು.

ಟೇಪಿನ ಮೇಲೂ ಈ ಕ್ರಮವೇ ಅಚ್ಚಾಗಿರುತ್ತದೆ. ವಿಎಚ್‌ಎಸ್ ಯಂತ್ರದ ಒಳಗೆ 62 ಮಿಲಿಮೀಟರ್ ವ್ಯಾಸದ ಉರುಳೆಯೊಂದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಎದುರುಬದುರಾಗಿ ಎರಡು ಕಾಂತೀಯ ಹೆಡ್‌ಗಳಿವೆ. ಟೇಪು ಸೆಕೆಂಡಿಗೆ ಸುಮಾರು 2.3 ಸೆಂಟಿಮೀಟರಿನಂತೆ ಮೆಲ್ಲನೆ ಸರಿಯುತ್ತದೆ. ಹೆಡ್ ಮಾತ್ರ ಸೆಕೆಂಡಿಗೆ ಸುಮಾರು 4.9 ಮೀಟರ್ ವೇಗದಿಂದ ಅದರ ಮೇಲೆ ಓರೆಯಾಗಿ ಹಾಯುತ್ತದೆ. ಅರ್ಧ ಸುತ್ತಿಗೆ ಒಂದು ಓರೆಗೆರೆ, ಒಂದು ಓರೆಗೆರೆಗೆ ಒಂದು ಅರೆಚಿತ್ರ. ಟೇಪನ್ನು ಹಳೆಯ ಟೆಲಿವಿಷನ್ನಿಗೆ ಜೋಡಿಸಿದರೆ ಅರೆಚಿತ್ರಗಳು ಹುಟ್ಟಿದ ಕ್ರಮದಲ್ಲಿಯೇ ಒಂದರ ಹಿಂದೊಂದು ಹೊರಬೀಳುತ್ತವೆ. ತಪ್ಪಾಗಲು ಅಲ್ಲಿ ಎಡೆಯೇ ಇಲ್ಲ.

ಎಡೆಯಾಗುವುದು ಕಂಪ್ಯೂಟರಿನಲ್ಲಿ. ಅದು ಎರಡೆರಡು ಅರೆಚಿತ್ರಗಳನ್ನು ಬಾಚಣಿಗೆಯ ಹಲ್ಲುಗಳಂತೆ ಹೆಣೆದು ಒಂದು ಪೂರ್ಣಚಿತ್ರವಾಗಿ ಕಡತದಲ್ಲಿಡುತ್ತದೆ. ಹೀಗೆ ಹೆಣೆದ ಮೇಲೆ, ಎರಡರಲ್ಲಿ ಮೊದಲು ಹುಟ್ಟಿದ್ದು ಯಾವುದೆಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಅದನ್ನು ಕಡತದಲ್ಲಿ ಬೇರೆಯೊಂದು ಗುರುತಾಗಿ ಬರೆದಿಡಬೇಕು. ಈ ವಿಷಯದಲ್ಲಿ ಸಂಪ್ರದಾಯಗಳೂ ಒಂದೇ ಅಲ್ಲ. 1995ರಲ್ಲಿ ಬಂದ ಡಿವಿ ಟೇಪಿನಲ್ಲಿ ಕೆಳಗಿನ ಅರೆಚಿತ್ರವೇ ಮೊದಲು. ಪಾಲ್ ಪದ್ಧತಿಯ ವಿಎಚ್‌ಎಸ್ ಮತ್ತು ವಿಡಿಯೋ 8 ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಸಾಧನಗಳು ಸಾಮಾನ್ಯವಾಗಿ ಮೇಲಿನದನ್ನು ಮೊದಲಿಡುತ್ತವೆ. ಒಂದರ ಕಡತಕ್ಕೆ ಇನ್ನೊಂದರ ಗುರುತು ಅಂಟಿದರೆ ಕಾಲವೇ ಹಿಂದುಮುಂದಾಗುತ್ತದೆ.

ನಮ್ಮ ಗುಂಡಿಗೆ ಆದುದು ಇದೇ. ನಿಶ್ಚಲ ಸ್ಥಿತಿಯಿಂದ ಬಿದ್ದ ವಸ್ತುವು 1/50 ಸೆಕೆಂಡಿನ ಅಂತರಗಳಲ್ಲಿ ಇಳಿದಿರುವ ದೂರವನ್ನು ನಿಯಮದಿಂದ ಲೆಕ್ಕ ಹಾಕಿದರೆ 0, 0.2, 0.8, 1.8, 3.1, 4.9 ಸೆಂಟಿಮೀಟರುಗಳಾಗುತ್ತವೆ. ಎರಡೆರಡನ್ನು ಜೊತೆಮಾಡಿ ಪ್ರತಿಯೊಂದು ಜೊತೆಯೊಳಗೂ ಕ್ರಮವನ್ನು ತಿರುಗಿಸಿರಿ: 0.2, 0, 1.8, 0.8, 4.9, 3.1. ಗುಂಡು ಬಿದ್ದು, ಏರಿ, ಮತ್ತೆ ಬೀಳುತ್ತಿದೆ! ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಕಂಡ ಏರಿಳಿತವೂ ಇದೇ ಬಗೆಯದು.

ಈ ದೋಷವನ್ನು ಇನ್ನೊಂದರೊಡನೆ ಬೆರಸಬಾರದು. ಓಡುವ ಮಗುವಿನ ದೃಶ್ಯವನ್ನು ಕಂಪ್ಯೂಟರಿನಲ್ಲಿ ತಡೆದು ನಿಲ್ಲಿಸಿದರೆ ಅಂಚುಗಳು ಬಾಚಣಿಗೆಯಂತೆ ಹಲ್ಲುಹಲ್ಲಾಗಿ ಕಾಣಬಹುದು. ಇದು ದೋಷವಲ್ಲ, ಎರಡು ಕ್ಷಣಗಳು ಒಂದೇ ಚಿತ್ರದಲ್ಲಿ ಹೆಣೆದುಕೊಂಡಿರುವುದರ ಸಹಜ ಫಲ. ಕ್ರಮದ ದೋಷವು ಗೋಚರವಾಗುವುದು ಚಲನೆಯಲ್ಲಿ, ನಡುಕದ ರೂಪದಲ್ಲಿ.

ಪರೀಕ್ಷಿಸುವ ಬಗೆ ಹೀಗಿದೆ. ಟೇಪಿನಲ್ಲಿ ಒಂದೇ ದಿಕ್ಕಿಗೆ ಚಲಿಸುವ ವಸ್ತುವಿರುವ ಭಾಗವನ್ನು ಆರಿಸಿರಿ: ಹಾದುಹೋಗುವ ಬಸ್ಸು, ನಡೆಯುವ ಮನುಷ್ಯ, ಉರುಳುವ ಚೆಂಡು. ನಿಶ್ಚಲವಾದ ಗೋಡೆಯಿಂದ ಪ್ರಯೋಜನವಿಲ್ಲ. ಅಲ್ಲಿ ಎರಡು ಕ್ಷಣಗಳಿಗೂ ಭೇದವಿರುವುದಿಲ್ಲ. ಅರೆಚಿತ್ರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶದಲ್ಲಿ ಆ ಭಾಗವನ್ನು ಒಂದೊಂದೇ ಹೆಜ್ಜೆಯಾಗಿ ಮುಂದಕ್ಕೆ ಸರಿಸಿರಿ. ವಸ್ತುವು ಒಂದೇ ಸಮನೆ ಮುಂದುವರಿದರೆ ಕ್ರಮ ಸರಿ. ಎರಡು ಹೆಜ್ಜೆಗೊಮ್ಮೆ ಹಿಂದಕ್ಕೆ ಬಂದರೆ ತಪ್ಪು. ಆದಿ, ಮಧ್ಯ, ಅಂತ್ಯ ಮೂರು ಕಡೆಯಲ್ಲಿಯೂ ನೋಡುವುದು ಒಳ್ಳೆಯದು.

ತಪ್ಪು ಎರಡು ವಿಧವಾಗಿರಬಹುದು. ಸ್ತಬ್ಧ ದೃಶ್ಯಗಳು ಸ್ವಚ್ಛವಾಗಿದ್ದು ಚಲನೆ ಮಾತ್ರ ನಡುಗಿದರೆ ಗೆರೆಗಳು ತಮ್ಮ ಸ್ಥಾನದಲ್ಲಿಯೇ ಇವೆ. ಗುರುತನ್ನು ತಿದ್ದಿದರೆ ಸಾಕು, ಚಿತ್ರದ ಒಂದು ಬಿಂದುವನ್ನೂ ಮುಟ್ಟಬೇಕಿಲ್ಲ. ಸ್ತಬ್ಧ ದೃಶ್ಯಗಳಲ್ಲಿಯೂ ಓರೆಯ ಅಂಚುಗಳು ಗರಗಸದಂತೆ ಕಂಡರೆ, ಬೆಸಗೆರೆಗಳ ಜಾಗದಲ್ಲಿ ಸರಿಗೆರೆಗಳು ಕುಳಿತಿವೆ. ಆಗ ಅರೆಚಿತ್ರಗಳ ಸ್ಥಾನವನ್ನೇ ಅದಲು ಬದಲು ಮಾಡಬೇಕು. ಚಿತ್ರದ ಮೇಲಂಚಿನಿಂದ ಒಂದೇ ಒಂದು ಗೆರೆಯನ್ನು ಕತ್ತರಿಸಿದರೂ ಬೆಸವು ಸರಿಯಾಗಿ, ಸರಿಯು ಬೆಸವಾಗುತ್ತದೆ. ಕತ್ತರಿಸಲೇಬೇಕಾದರೆ ಗೆರೆಗಳ ಸಂಖ್ಯೆ ಸಮವಾಗಿರಲಿ. ಹೆಣಿಗೆಯನ್ನು ಬಿಡಿಸುವ ಮೊದಲು ಚಿತ್ರದ ಎತ್ತರವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಕೂಡದು. ಅದರಿಂದ ಎರಡು ಕ್ಷಣಗಳ ಗೆರೆಗಳು ಬೆರೆತುಹೋಗುತ್ತವೆ.

ಕ್ರಮ ಸರಿಯಾದ ಬಳಿಕ, ಇಂದಿನ ಪರದೆಗಳಿಗಾಗಿ ಪ್ರತಿ ಅರೆಚಿತ್ರದ ಕಾಣದ ಗೆರೆಗಳನ್ನು ಅಕ್ಕಪಕ್ಕದ ಗೆರೆಗಳಿಂದ ಊಹಿಸಿ ತುಂಬಿಸಿ, ಸೆಕೆಂಡಿಗೆ 50 ಪೂರ್ಣಚಿತ್ರಗಳನ್ನು ಪಡೆಯಬಹುದು. 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಭಾಗ ನಷ್ಟವಾಗುತ್ತದೆ. ಎರಡು ಅರೆಚಿತ್ರಗಳ ಸರಾಸರಿ ತೆಗೆದು ಒಂದಾಗಿಸುವ ವಿಧಾನವಂತೂ ಎಲ್ಲಕ್ಕಿಂತ ಹಾನಿಕರ. ಎರಡು ಬಣ್ಣದ ನೀರನ್ನು ಕಲಸಿದ ಮೇಲೆ ಬೇರ್ಪಡಿಸಲಾದೀತೇ? ಅಂಥ ಕಡತದಲ್ಲಿ ಕ್ರಮವನ್ನು ತಿದ್ದಲು ಕ್ರಮವೇ ಉಳಿದಿರುವುದಿಲ್ಲ. ಆದಕಾರಣ ಹೆಣೆದ ರೂಪದ ಮೂಲ ಕಡತವನ್ನು ಎಂದಿಗೂ ಅಳಿಸದೆ, ನೋಡುವುದಕ್ಕೆ ಬೇರೊಂದು ಪ್ರತಿಯನ್ನು ಮಾಡಿಕೊಳ್ಳುವುದೇ ವಿವೇಕ.

ಆ ಅಂಗಡಿಯವರು ನಮಗೆ ಎರಡು ಕಡತಗಳನ್ನು ಕೊಟ್ಟಿದ್ದರು. ‘ನುಣುಪಾಗಿದೆ’ ಎಂದು ಅವರು ಹೊಗಳಿದ ಒಂದರಲ್ಲಿ ಸರಾಸರಿ ತೆಗೆದಾಗಿತ್ತು. ಪ್ರತಿ ಚಿತ್ರದಲ್ಲಿಯೂ ಎರಡು ಮಸುಕು ಗುಂಡುಗಳು. ಅದು ಅಳತೆಗೆ ನಿರುಪಯುಕ್ತ. ಇನ್ನೊಂದರಲ್ಲಿ, ಪುಣ್ಯವಶಾತ್, ಹೆಣಿಗೆ ಹಾಗೆಯೇ ಇತ್ತು. ಗುರುತನ್ನು ತಿದ್ದಿದೆವು. ಗುಂಡು ನಡುಗದೆ ಇಳಿಯಿತು. ಅದರ ಪಕ್ಕದಲ್ಲಿ ನಮ್ಮ ಗುರುಗಳ ಕೈಯೂ ನಡುಗದೆ ಅಳತೆಪಟ್ಟಿಯತ್ತ ಸರಿಯಿತು. ಅವರನ್ನು ಎಂದೂ ಕಾಣದಿದ್ದ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಅಳೆಯುವುದನ್ನು ಮರೆತು ಸುಮ್ಮನೆ ನೋಡುತ್ತ ಕುಳಿತರು.

ಇಂಥ ಟೇಪುಗಳಿಗೆ ಹೆಚ್ಚು ಕಾಲವಿಲ್ಲ. ತೇವದಿಂದ ಅವುಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಕಾಂತೀಯ ಲೇಪ ಸಡಿಲಗೊಳ್ಳುತ್ತದೆ. ಅವನ್ನು ಓದುವ ಯಂತ್ರಗಳೂ ವಿರಳವಾಗುತ್ತಿವೆ. ಜಪಾನಿನ ಫ್ಯುನಾಯ್ ಸಂಸ್ಥೆಯು ವಿಎಚ್‌ಎಸ್ ಯಂತ್ರಗಳ ತಯಾರಿಕೆಯನ್ನು 2016ರ ಜುಲೈಯಲ್ಲಿ ನಿಲ್ಲಿಸಿತು. ವಾಚಕರ ಮನೆಗಳಲ್ಲಿಯೂ ಮದುವೆಯದೋ, ಶಾಲೆಯ ಆಟೋಟದ್ದೋ, ಅಜ್ಜಿ ಅಂಗಳದಲ್ಲಿ ನಡೆದಾಡಿದ್ದೋ ಒಂದು ಟೇಪು ಇದ್ದೀತು. ಅದನ್ನು ಇಳಿಸಿದ ದಿನವೇ ಒಂದು ಚಲಿಸುವ ವಸ್ತುವನ್ನು ಹುಡುಕಿ, ಹೆಜ್ಜೆ ಹೆಜ್ಜೆಯಾಗಿ ಸರಿಸಿ ನೋಡಿರಿ. ಅಜ್ಜಿ ಒಂದು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದಿಟ್ಟರೆ, ಟೇಪನ್ನು ಎಸೆಯುವ ಮೊದಲೇ ಅದನ್ನು ತಿದ್ದಿರಿ.