ಗೀಸರ್ ಗುರುಗುಟ್ಟಿದರೆ

ನಮ್ಮದು ಚಿತ್ರದುರ್ಗ ಕಡೆಯ ಬಯಲುಸೀಮೆ. ಬೋರಿನ ನೀರು ಗಡಸು. ಬೇಳೆ ಬೇಯೋಲ್ಲ, ಸೋಪು ನೊರೆ ಬರೋಲ್ಲ. ಹಂಡೆ ಒಲೆ ಸಾಕು ಅಂತ ಮಗ 25 ಲೀಟರಿನ ಗೀಸರ್ ಹಾಕಿಸಿದ. ಎರಡನೇ ವರ್ಷಕ್ಕೆ ಅದು ಎಸರು ಕುದಿದಂತೆ ಗುರುಗುಟ್ಟತೊಡಗಿತು. ಗೋಡೆಗುಂಟ ಹೋದ ಜಿ.ಐ. ಪೈಪು ಬೇರೆ ಟಕ್ ಟಕ್.

ಪೈಪಿನದು ಸುಲಭ. ಬಿಸಿಯಾದಾಗ ಹಿಗ್ಗುತ್ತೆ, ಕ್ಲಾಂಪು ಬಿಗಿಯಿದ್ದರೆ ಜರುಗಲಾರದೆ ಸದ್ದು ಮಾಡುತ್ತೆ. ಸಡಿಲಿಸಿ ಹಳೇ ಸೈಕಲ್ ಟ್ಯೂಬಿನ ತುಂಡು ಕೊಟ್ಟೆ, ನಿಂತಿತು.

ಗುರುಗುಟ್ಟೋದಕ್ಕೆ ಕಾರಣ ಕಾಯಿಲ್ ಮೇಲೆ ಕೂತ ಸುಣ್ಣ. ಅದರಡಿ ಸಿಕ್ಕ ನೀರು ಕುದಿದು ಗುಳ್ಳೆ ಒಡೆಯುವ ಸದ್ದದು. ಕಾಯಿಲ್ ಬೇಗ ಸುಟ್ಟೂ ಹೋಗುತ್ತೆ. ಮೇನ್ ಆಫ್ ಮಾಡಿ, ನೀರು ತಣಿದ ಮೇಲೆ ಖಾಲಿ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿದೆ. ವೈರು ಸೇರುವ ತುದಿ ನೆನೆಯದಂತೆ ರಾತ್ರಿಯಿಡೀ ವಿನಿಗರ್‌ನಲ್ಲಿ ಇಟ್ಟೆವು. ಬಂದ ಸುಣ್ಣ ಒಂದು ಬೊಗಸೆ! ಪಕ್ಕದ ಮೆಗ್ನೀಸಿಯಂ ಸರಳು ಸವೆದು ಕಡ್ಡಿಯಾಗಿತ್ತು. ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯೋದೇ ಅದರ ಕೆಲಸ. ಹೊಸದು ಹಾಕಿಸಿದೆ.

ನನ್ನ ತಪ್ಪೊಂದು ಹೇಳಲೇಬೇಕು. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತೆ ಅಂತ ಅದರ ಬಾಯಿಗೆ ರಬ್ಬರ್ ಸುತ್ತಿ ಬಿಗಿದಿದ್ದೆ. ಎಲೆಕ್ಟ್ರಿಷಿಯನ್ ಕೂಗಾಡಿದ: "ಯಜಮಾನ್ರೇ, ಥರ್ಮೋಸ್ಟಾಟ್ ಕೈಕೊಟ್ರೆ ಒತ್ತಡ ಹೊರಗೆ ಹೋಗೋ ದಾರಿ ಇದು. ಟ್ಯಾಂಕು ಒಡೆದ್ರೆ ಬಚ್ಚಲಲ್ಲಿರೋರ ಗತಿ?" ಹಿಂದಿನ ದಿನವಷ್ಟೇ ಮೊಮ್ಮಗಳು ಅದರಡಿ ಕೂತು ಸ್ನಾನ ಮಾಡಿದ್ದಳು. ನನಗೆ ಕೈಕಾಲು ತಣ್ಣಗಾಯ್ತು. ವಾಲ್ವ್ ಬದಲಿಸದೆ ಮತ್ತೆ ಸ್ವಿಚ್ ಒತ್ತಲಿಲ್ಲ.

ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತೆ, ಹಾಗಾಗಿ ಈಗ 55 ಡಿಗ್ರಿಗೆ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಬಿಚ್ಚಿಸುತ್ತೇನೆ. ಮುಂದಿನ ಮಳೆಗಾಲಕ್ಕೆ ಚಾವಣಿ ನೀರನ್ನೇ ಗೀಸರ್‌ಗೆ ತಿರುಗಿಸೋ ಯೋಚನೆಯಿದೆ.