ಲಿನಕ್ಸ್ ಅಳವಡಿಕೆ ಮತ್ತು ಮನೆಯ ಅಂತರ್ಜಾಲ ಸಂಪರ್ಕ: ದೋಷ ಪತ್ತೆ ಹಚ್ಚುವ ಕ್ರಮ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ಗಣಕಯಂತ್ರ ಬಳಕೆದಾರರ ಮಾಹಿತಿಗಾಗಿ)

ಪೀಠಿಕೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ಕ್ಕೆ ಮುಕ್ತಾಯಗೊಂಡಿದೆ. ವಿಂಡೋಸ್ 11ಕ್ಕೆ ಅಗತ್ಯವಾದ ಯಂತ್ರಾಂಶವಿಲ್ಲದ ಹಳೆಯ ಗಣಕಯಂತ್ರಗಳನ್ನು ಮೂಲೆಗುಂಪು ಮಾಡದೆ, ಅವುಗಳಲ್ಲಿ ಲಿನಕ್ಸ್ ಅಳವಡಿಸಿ ಬಳಕೆಯನ್ನು ಮುಂದುವರಿಸಲು ಅವಕಾಶವಿದೆ. ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಅನ್ನು ಆಧರಿಸಿದ ಡೆಬಿಯನ್, ಉಬುಂಟು ಹಾಗೂ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ ಬಾಸ್ ಮುಂತಾದ ಆವೃತ್ತಿಗಳು ಉಚಿತವಾಗಿ ದೊರೆಯುತ್ತವೆ.

ಆದರೆ ಅಳವಡಿಕೆಯ ನಂತರ ಅಂತರ್ಜಾಲ ಸಂಪರ್ಕ ದೊರೆಯದೆ ಹೋಗುವುದುಂಟು. ವೈಫೈ ಚಾಲಕ ತಂತ್ರಾಂಶವನ್ನು ಪಡೆಯಲು ಅಂತರ್ಜಾಲ ಬೇಕು. ಅಂತರ್ಜಾಲ ದೊರೆಯಲು ಅದೇ ಚಾಲಕ ಬೇಕು. ವಿದ್ಯಾರ್ಥಿ ವೇತನದ ಅರ್ಜಿಗೆ ಕೊನೆಯ ದಿನ ಸಮೀಪಿಸಿರುವಾಗ ಹೀಗಾದಲ್ಲಿ ನಷ್ಟವಾಗುವುದು ಗಣಕಯಂತ್ರಕ್ಕಲ್ಲ, ವಿದ್ಯಾರ್ಥಿಗೆ. ಮುಂಡರಗಿ ಅಥವಾ ಲಕ್ಷ್ಮೇಶ್ವರದಿಂದ ಗಣಕಯಂತ್ರವನ್ನು ಹೊತ್ತು ಗದಗಕ್ಕೆ ಬಂದು ದುರಸ್ತಿಗೆ ಹಣ ತೆರುವ ಮೊದಲು, ಮನೆಯಲ್ಲಿಯೇ ಕೈಗೊಳ್ಳಬಹುದಾದ ಪರಿಶೀಲನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅಳವಡಿಕೆಗೆ ಮುನ್ನ

1. ಮೊದಲು ಎಲ್ಲ ಕಡತಗಳನ್ನು ಬೇರೊಂದು ಡಿಸ್ಕಿಗೆ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳತಕ್ಕದ್ದು. ಹಾರ್ಡ್ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒಪ್ಪಿದ ನಂತರ ಹಳೆಯ ಕಡತಗಳು ಮರಳಿ ದೊರೆಯುವ ಭರವಸೆ ಇರುವುದಿಲ್ಲ.

2. ಉಬುಂಟು ಮೊದಲಾದವುಗಳನ್ನು ಪೆನ್ ಡ್ರೈವ್‌ನಿಂದಲೇ, ಹಾರ್ಡ್ ಡಿಸ್ಕನ್ನು ಮುಟ್ಟದೆ, ಚಲಾಯಿಸಿ ನೋಡಬಹುದು. ಇದಕ್ಕೆ ಲೈವ್ ವಿಧಾನ ಎನ್ನುತ್ತಾರೆ. ಈ ವಿಧಾನದಲ್ಲಿ ಮನೆಯ ವೈಫೈಗೆ ಸಂಪರ್ಕ ಸಾಧಿಸಿ, ಒಂದೆರಡು ಜಾಲತಾಣಗಳನ್ನು ತೆರೆದು ನೋಡತಕ್ಕದ್ದು. ಸಂಪರ್ಕ ದೊರೆತರೆ ಅಳವಡಿಕೆಯ ನಂತರವೂ ದೊರೆಯುವ ಸಂಭವವೇ ಹೆಚ್ಚು. ದೊರೆಯದಿದ್ದಲ್ಲಿ ಹಳೆಯ ವ್ಯವಸ್ಥೆ ಸುರಕ್ಷಿತವಾಗಿರುವಾಗಲೇ ಪರಿಹಾರ ಹುಡುಕಬಹುದು. ಈ ಲೇಖನದ ಮುಖ್ಯ ಸಲಹೆ ಇದೇ.

3. ವಿಂಡೋಸ್ ಅನ್ನು ಉಳಿಸಿಕೊಂಡು ಜೊತೆಗೆ ಲಿನಕ್ಸ್ ಅಳವಡಿಸುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸತಕ್ಕದ್ದು. ಅದು ಜಾರಿಯಲ್ಲಿದ್ದರೆ ಗಣಕಯಂತ್ರವು ಪೂರ್ಣವಾಗಿ ಸ್ಥಗಿತಗೊಳ್ಳುವುದಿಲ್ಲ. ಇದರಿಂದ ಲಿನಕ್ಸ್‌ನಲ್ಲಿ ಕೆಲವು ವೈಫೈ ಕಾರ್ಡುಗಳು ಕೆಲಸ ಮಾಡುವುದಿಲ್ಲ.

ದೋಷ ಪತ್ತೆ ಹಚ್ಚುವ ಕ್ರಮ

ಲೆಕ್ಕ ತಾಳೆಯಾಗದಿದ್ದಾಗ ಇಡೀ ಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ಯಾವ ಪುಟದವರೆಗೆ ಸರಿಯಿದೆ ಎಂದು ನೋಡಲಾಗುತ್ತದೆ. ಅಂತೆಯೇ ಸಂಪರ್ಕ ದೊರೆಯದಿದ್ದಾಗ ಲಿನಕ್ಸ್ ಅನ್ನು ಪುನಃ ಪುನಃ ಅಳವಡಿಸದೆ, ಮನೆಗೆ ಬರುವ ತಂತಿಯಿಂದ ಆರಂಭಿಸಿ ಗಣಕಯಂತ್ರದವರೆಗೆ ಹಂತಹಂತವಾಗಿ ಪರಿಶೀಲಿಸತಕ್ಕದ್ದು.

ಮೊದಲನೆಯ ಹಂತ – ಸೇವೆ: ಅದೇ ವೈಫೈ ಮೂಲಕ ಮೊಬೈಲಿನಲ್ಲಿ ಅಂತರ್ಜಾಲ ದೊರೆಯುತ್ತಿದೆಯೇ ಎಂದು ನೋಡುವುದು. ಆಗ ಮೊಬೈಲ್ ಡೇಟಾ ಸ್ಥಗಿತಗೊಳಿಸಿರಬೇಕು. ಮೊಬೈಲಿನಲ್ಲಿಯೂ ದೊರೆಯದಿದ್ದರೆ ದೋಷ ಲಿನಕ್ಸ್‌ನದಲ್ಲ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದಲ್ಲಿ ಬೆಳಕಿನ ಸಂಕೇತವೇ ಮನೆಗೆ ತಲುಪುತ್ತಿಲ್ಲವೆಂದು ತಿಳಿದು ಸೇವಾದಾರರಿಗೆ ದೂರು ನೀಡಬೇಕು. ವಿದ್ಯುತ್ ಕಡಿತವಾದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆದರೂ ರೂಟರ್ ನಿಂತಿರುತ್ತದೆ ಎಂಬುದನ್ನೂ ಗಮನಿಸಬೇಕು.

ಎರಡನೆಯ ಹಂತ – ತಂತಿ: ರೂಟರಿನಿಂದ ಗಣಕಯಂತ್ರಕ್ಕೆ ಲ್ಯಾನ್ ಕೇಬಲ್ ಜೋಡಿಸುವುದು. ತಂತಿಯ ಸಂಪರ್ಕಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಚಾಲಕ ಬೇಕಾಗುವುದಿಲ್ಲ. ಜೋಡಿಸಿದ ಸ್ಥಳದಲ್ಲಿ ದೀಪ ಹತ್ತದಿದ್ದಲ್ಲಿ ಕೇಬಲ್ ಬದಲಿಸಿ, ರೂಟರಿನ ಬೇರೊಂದು ಪೋರ್ಟಿಗೆ ಹಾಕಿ ನೋಡಬೇಕು. ಸಿಡಿಲಿನ ಮಳೆಯ ನಂತರ ಪೋರ್ಟ್ ಸುಟ್ಟಿರುವ ಸಾಧ್ಯತೆಯೂ ಇರುತ್ತದೆ.

ಮೂರನೆಯ ಹಂತ – ವಿಳಾಸ: ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಐಪಿ ವಿಳಾಸ ಬಂದಿದೆಯೇ ಎಂದು ನೋಡುವುದು. ಮನೆಯ ಜಾಲದಲ್ಲಿ ಇದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ವಿಳಾಸ ಬಾರದಿದ್ದರೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿ, ವಿಳಾಸ ಪಡೆಯುವ ವಿಧಾನವು ಸ್ವಯಂಚಾಲಿತ ಎಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ಮೋಡೆಮ್‌ಗಳು ಬ್ರಿಡ್ಜ್ ವಿಧಾನದಲ್ಲಿದ್ದರೆ, ಸೇವಾದಾರರು ನೀಡಿದ ಬಳಕೆದಾರರ ಹೆಸರು ಹಾಗೂ ಗುಪ್ತಪದವನ್ನು ಲಿನಕ್ಸ್‌ನಲ್ಲಿಯೇ ಪಿಪಿಪಿಒಇ ಸಂಪರ್ಕವಾಗಿ ದಾಖಲಿಸಬೇಕಾಗುತ್ತದೆ.

ನಾಲ್ಕನೆಯ ಹಂತ – ಹೆಸರು: ಟರ್ಮಿನಲ್‌ನಲ್ಲಿ ಪಿಂಗ್ ಆದೇಶದ ಮುಂದೆ 8.8.8.8 ಎಂದು ನೀಡಿದಾಗ ಉತ್ತರ ಬಂದು, ಜಾಲತಾಣದ ಹೆಸರು ನೀಡಿದಾಗ ಬಾರದಿದ್ದರೆ ಸಂಪರ್ಕ ಸರಿಯಿದ್ದು, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ದೋಷವಿದೆ ಎಂದರ್ಥ. ನೆಟ್‌ವರ್ಕ್ ವಿಭಾಗದಲ್ಲಿ ಡಿಎನ್‌ಎಸ್ ಸ್ಥಳದಲ್ಲಿ 8.8.8.8 ಅಥವಾ 1.1.1.1 ಎಂದು ನಮೂದಿಸಿ ಮತ್ತೆ ಪ್ರಯತ್ನಿಸಬಹುದು.

ಐದನೆಯ ಹಂತ – ದಿನಾಂಕ: ಹಳೆಯ ಗಣಕಯಂತ್ರಗಳ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಮುಗಿದಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸಂಪರ್ಕವಿದ್ದರೂ ಜಾಲತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ. ದಿನಾಂಕ ಮತ್ತು ಸಮಯವನ್ನು ಸರಿಪಡಿಸಿದಲ್ಲಿ ತೊಂದರೆ ನಿವಾರಣೆಯಾಗುತ್ತದೆ.

ವೈಫೈ ಮಾತ್ರ ದೊರೆಯದಿದ್ದಲ್ಲಿ

ತಂತಿಯ ಮೂಲಕ ಅಂತರ್ಜಾಲ ದೊರೆತು ವೈಫೈ ದೊರೆಯದಿದ್ದಲ್ಲಿ ಈ ಕೆಳಗಿನವುಗಳನ್ನು ಪರಿಶೀಲಿಸಬೇಕು.

– ಲ್ಯಾಪ್‌ಟಾಪಿನ ವೈಫೈ ಗುಂಡಿ ಅಥವಾ ಏರೋಪ್ಲೇನ್ ವಿಧಾನವು ವೈಫೈಯನ್ನು ನಿಲ್ಲಿಸಿರಬಹುದು.

– ಇತರರ ವೈಫೈ ಹೆಸರುಗಳು ಕಂಡು ಮನೆಯದು ಮಾತ್ರ ಕಾಣದಿದ್ದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿರಬಹುದು. ಅನೇಕ ಹಳೆಯ ಕಾರ್ಡುಗಳು 2.4 ಗಿಗಾಹರ್ಟ್ಸ್ ಅನ್ನು ಮಾತ್ರ ಗ್ರಹಿಸುತ್ತವೆ.

– ವೈಫೈ ಆಯ್ಕೆಯೇ ಕಾಣದಿದ್ದರೆ ಚಾಲಕವಿಲ್ಲವೆಂದು ತಿಳಿಯಬಹುದು. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಬ್ರಾಡ್‌ಕಾಮ್ ಕಂಪನಿಯ ಕೆಲವು ಕಾರ್ಡುಗಳಲ್ಲಿ ಇದು ಸಾಮಾನ್ಯ. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂಬಲ್ಲಿಂದ ಚಾಲಕವನ್ನು ಪಡೆಯಬಹುದು. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರಿಂದ ಅನೇಕ ಕಾರ್ಡುಗಳಿಗೆ ಬೇಕಾದ ಫರ್ಮ್‌ವೇರ್ ಅಳವಡಿಕೆಯ ಕಡತದಲ್ಲಿಯೇ ಸೇರಿರುತ್ತದೆ.

ಮನೆಯಲ್ಲಿ ಲ್ಯಾನ್ ಕೇಬಲ್ ಇಲ್ಲದಿದ್ದಲ್ಲಿ ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಗಣಕಯಂತ್ರಕ್ಕೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆಯ್ಕೆ ಮಾಡಬಹುದು. ಕೇಬಲ್ ಕೇವಲ ಚಾರ್ಜಿಂಗ್‌ಗಲ್ಲದೆ ದತ್ತಾಂಶ ಸಾಗಿಸುವಂಥದ್ದಾಗಿರಬೇಕು. ಲಿನಕ್ಸ್ ಇದನ್ನು ತಂತಿಯ ಸಂಪರ್ಕದಂತೆಯೇ ಗುರುತಿಸುತ್ತದೆ. ಆ ಮೂಲಕ ಚಾಲಕವನ್ನು ಪಡೆದು ಅಳವಡಿಸಿದ ನಂತರ ಟೆದರಿಂಗ್ ನಿಲ್ಲಿಸತಕ್ಕದ್ದು. ಇಲ್ಲವಾದಲ್ಲಿ ತಂತ್ರಾಂಶ ನವೀಕರಣಕ್ಕೆ ಮೊಬೈಲಿನ ಡೇಟಾ ಖರ್ಚಾಗುತ್ತದೆ.

ವಿಶೇಷ ಸೂಚನೆ

ದುರಸ್ತಿಗೆ ಹೋಗುವುದು ಅನಿವಾರ್ಯವಾದಲ್ಲಿ, ಯಾವ ಹಂತದವರೆಗೆ ಸರಿಯಿದೆ, ಎಲ್ಲಿ ನಿಂತಿದೆ ಎಂಬುದನ್ನು ಹಾಗೂ ಪರದೆಯ ಮೇಲೆ ಬಂದ ಸಂದೇಶವನ್ನು ಯಥಾವತ್ತಾಗಿ ಬರೆದುಕೊಂಡು ಹೋಗುವುದು ಸೂಕ್ತ. ಗುಪ್ತಪದಗಳನ್ನು ಆ ಹಾಳೆಯಲ್ಲಿ ಬರೆಯಬಾರದು. ಅರ್ಜಿ ಸಲ್ಲಿಸುವ ಕೊನೆಯ ದಿನಗಳು ಹತ್ತಿರವಿರುವಾಗ ಹೊಸ ವ್ಯವಸ್ಥೆಯ ಅಳವಡಿಕೆಯನ್ನು ಕೈಗೊಳ್ಳದೆ, ಅರ್ಜಿ ಸಲ್ಲಿಕೆಯಾದ ನಂತರ ಬಿಡುವಿನ ದಿನದಲ್ಲಿ ಕೈಗೊಳ್ಳಲು ಕೋರಲಾಗಿದೆ.